ಬೇಲಿಯ ಮೇಲಿನ ನೀಲಿ: ಶಂಖಪುಷ್ಪ

ಶಂಖಪುಷ್ಪ ಅವರೆ, ತಡಗುಣಿ, ಹುರುಳಿಗಳ ಬಳಗಕ್ಕೆ ಸೇರಿದ ಬಳ್ಳಿ. ಒಮ್ಮೆ ಬೇರೂರಿದರೆ ಹಲವು ವರ್ಷ ಬದುಕುತ್ತದೆ. ಬೇಸಿಗೆಯಲ್ಲಿ ಮೇಲಿನ ಹಂಬು ಒಣಗಿ ಸತ್ತಂತೆ ಕಂಡರೂ ಬುಡದ ಗಟ್ಟಿ ಬೇರು ಜೀವ ಹಿಡಿದಿದ್ದು, ಒಂದೆರಡು ಹದಮಳೆ ಬಿದ್ದ ಕೂಡಲೇ ಮತ್ತೆ ಚಿಗುರುತ್ತದೆ. ಹೂವು ಕಡುನೀಲಿ. ನಮ್ಮ ಸುತ್ತಲಿನ ಹೂಗಳಲ್ಲಿ ಹಳದಿ, ಬಿಳಿ, ಕೆಂಪು ಧಾರಾಳ. ಅಪ್ಪಟ ನೀಲಿ ಅಪರೂಪ. ಹೀಗಾಗಿ ಎಲೆಗಳ ನಡುವೆ ನಾಲ್ಕೇ ಹೂವಿದ್ದರೂ ದಾರಿಹೋಕರ ಕಣ್ಣು ಅತ್ತ ಹೊರಳುತ್ತದೆ.

ಹನೂರು ತಾಲ್ಲೂಕಿನ ಬಂಡಳ್ಳಿಯಂಥ ಊರುಗಳ ನೆಲ ಈ ಬಳ್ಳಿಗೆ ಹೇಳಿ ಮಾಡಿಸಿದಂತಿದೆ. ಒಂದು ಕಡೆ ಕಾವೇರಿ ವನ್ಯಜೀವಿ ಧಾಮ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು, ನಡುವೆ ರಾಗಿ, ಜೋಳ, ಹುರುಳಿ ಬೆಳೆಯುವ ಮಳೆಯಾಶ್ರಿತ ಹೊಲಗಳು. ಮಳೆ ಹೆಚ್ಚಿಲ್ಲ. ಮೇ ತಿಂಗಳಲ್ಲಿ ಒಂದಿಷ್ಟು ಸುರಿದು, ನಡುವೆ ಕೈಕೊಟ್ಟು, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಮತ್ತೆ ಹಿಡಿಯುವ ಮಳೆ ಅದು. ಬಿಸಿಲನ್ನು ಬೇಡುವ, ಬರವನ್ನು ತಾಳುವ, ಕೆಮ್ಮಣ್ಣಿಗೂ ಎರೆಮಣ್ಣಿಗೂ ಒಗ್ಗುವ ಶಂಖಪುಷ್ಪಕ್ಕೆ ಇಷ್ಟು ಸಾಕು. ಕೊಳ್ಳೇಗಾಲದ ಬಯಲಿನಲ್ಲಾಗಲಿ, ಸುವರ್ಣಾವತಿ ಹೊಳೆಯ ನೀರುಣ್ಣುವ ಯಳಂದೂರಿನ ಕಡೆಯಾಗಲಿ ಇದು ಬೆಳೆಯುವುದು ಹೆಚ್ಚಾಗಿ ಬೇಲಿಸಾಲಿನಲ್ಲಿ, ಹಿತ್ತಲಲ್ಲಿ, ಗುಡಿಯ ಆವರಣದಲ್ಲಿ. ನೆರಳು ಇದಕ್ಕೆ ಆಗದು. ದಟ್ಟ ಕಾಡಿನೊಳಗೆ ಹುಡುಕಿದರೆ ಸಿಗುವುದಿಲ್ಲ. ಲಾಂಟಾನ ಮುತ್ತಿಕೊಂಡ ಕಾಡಂಚಿನಲ್ಲಂತೂ ಇಂಥ ಬಳ್ಳಿಗಳಿಗೆ ತಲೆಯೆತ್ತಲು ಜಾಗವೇ ಉಳಿದಿಲ್ಲ.

ಕಾಂಡ ಸಣ್ಣ ನಾರಿನಷ್ಟು ತೆಳು. ಮೇಲೆ ನವಿರಾದ ರೋಮ. ಆಸರೆ ಸಿಕ್ಕರೆ ಸುತ್ತಿಕೊಂಡು ಎರಡು ಮೂರು ಮೀಟರ್ ಏರುತ್ತದೆ, ಸಿಗದಿದ್ದರೆ ನೆಲದ ಮೇಲೆಯೇ ಹರಡುತ್ತದೆ. ಒಂದೊಂದು ಎಲೆಯೂ ಐದು ಅಥವಾ ಏಳು ಕಿರುಎಲೆಗಳಾಗಿ ಒಡೆದಿರುತ್ತದೆ: ಎರಡು ಮೂರು ಜೋಡಿ ಎದುರುಬದುರು, ತುದಿಯಲ್ಲಿ ಒಂಟಿ ಎಲೆ. ಎಲೆಯ ಕಂಕುಳಲ್ಲಿ ಹೂವು ಬಿಡುತ್ತದೆ, ಸಾಮಾನ್ಯವಾಗಿ ಒಂದೊಂದಾಗಿ. ಗೊಂಚಲು ಗೊಂಚಲಾಗಿ ಹೂಬಿಡುವ ಅವರೆ, ತೊಗರಿಗಿಂತ ಇಲ್ಲಿಯೇ ಇದು ಬೇರೆಯಾಗುತ್ತದೆ.

ಹೂವನ್ನು ಕೈಯಲ್ಲಿ ಹಿಡಿದು ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅವರೆ ಜಾತಿಯ ಹೂಗಳಿಗೆಲ್ಲ ಐದು ದಳ. ಹಿಂದೆ ಎದ್ದು ನಿಲ್ಲುವ ದೊಡ್ಡ ದಳಕ್ಕೆ ಪತಾಕೆ, ಅಕ್ಕಪಕ್ಕದ ಎರಡಕ್ಕೆ ರೆಕ್ಕೆ, ಕೆಳಗೆ ಕೂಡಿಕೊಂಡ ಎರಡಕ್ಕೆ ದೋಣಿ ಎನ್ನುತ್ತಾರೆ. ದೋಣಿಯ ಒಳಗೆ ಹತ್ತು ಕೇಸರಗಳು, ಒಂಬತ್ತು ಒಟ್ಟಿಗೆ ಬೆಸೆದುಕೊಂಡು, ಒಂದು ಬಿಡಿಯಾಗಿ. ಸಾಮಾನ್ಯವಾಗಿ ಜೇನ್ನೊಣ ಕೆಳಗಿನ ರೆಕ್ಕೆ–ದೋಣಿಗಳ ಮೇಲೆ ಕೂರುತ್ತದೆ, ಪರಾಗ ಅದರ ಹೊಟ್ಟೆಗೆ ಮೆತ್ತುತ್ತದೆ. ಶಂಖಪುಷ್ಪದಲ್ಲಿ ಇದೆಲ್ಲ ತಲೆಕೆಳಗು. ಹೂವಿನ ತೊಟ್ಟು ತಿರುಚಿಕೊಂಡು ಪತಾಕೆ ಕೆಳಗೆ ಬಂದಿರುತ್ತದೆ. ನಾಲ್ಕೈದು ಸೆಂಟಿಮೀಟರ್ ಉದ್ದದ ಆ ಅಗಲ ದಳವೇ ದುಂಬಿಗೆ ಇಳಿಯುವ ಜಗಲಿ. ಅದರ ನಡುವೆ ಗಂಟಲಿನತ್ತ ಸಾಗುವ ಬಿಳಿ ಇಲ್ಲವೇ ತಿಳಿಹಳದಿ ಪಟ್ಟೆ ಒಳದಾರಿ ತೋರಿಸುತ್ತದೆ. ರೆಕ್ಕೆ, ದೋಣಿ, ಕೇಸರ, ಶಲಾಕಾಗ್ರ ಎಲ್ಲವೂ ಮೇಲ್ಭಾಗದಲ್ಲಿ. ಬಡಗಿ ದುಂಬಿಯಂಥ ದಪ್ಪ ದುಂಬಿ ಒಳಗೆ ನುಗ್ಗಿದಾಗ ಪರಾಗ ಅದರ ಬೆನ್ನಿಗೆ ಹತ್ತುತ್ತದೆ. ಹೂವಿನ ಬುಡದಲ್ಲಿ ತೊಟ್ಟನ್ನು ಅಪ್ಪಿಕೊಂಡಿರುವ ಎರಡು ದುಂಡು ಹಸಿರು ಪುಷ್ಪಪತ್ರಗಳಿವೆ. ಗುರುತಿಗೆ ಇವೂ ಒದಗುತ್ತವೆ.

ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ಹೂವು ದುಂಬಿಯನ್ನು ಪೂರ್ತಿ ನೆಚ್ಚಿಕೊಂಡಿಲ್ಲ ಎಂಬುದು ತಮಾಷೆಯ ಸಂಗತಿ. ಮೊಗ್ಗು ಅರಳುವ ಮುನ್ನವೇ ಪರಾಗಕೋಶ ಒಡೆದು ಸ್ವಕೀಯ ಪರಾಗಸ್ಪರ್ಶ ಬಹುಮಟ್ಟಿಗೆ ಮುಗಿದಿರುತ್ತದೆ. ಮನೆಯ ಮುಂದೆ ಒಂಟಿಯಾಗಿ ಹಬ್ಬಿದ ಬಳ್ಳಿಯೂ ಮೈತುಂಬ ಕಾಯಿ ಬಿಡುವುದು ಇದರಿಂದಲೇ. ಅರಳಿದ ಹೂವಿನ ಆಯಸ್ಸು ಹೆಚ್ಚು ಕಡಿಮೆ ಒಂದು ದಿನ. ಆಮೇಲೆ ದಳಗಳು ಮುದುಡಿ, ಚಪ್ಪಟೆಯಾದ ಕಾಯಿ ಐದರಿಂದ ಹನ್ನೆರಡು ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಒಳಗೆ ಕಂದು–ಕಪ್ಪು ಬಣ್ಣದ ಆರರಿಂದ ಹತ್ತು ಬೀಜ. ಕಾಯಿ ಒಣಗಿದಾಗ ಸಿಪ್ಪೆಯ ಎರಡು ಹೋಳುಗಳು ಬಿರುಸಾಗಿ ತಿರುಚಿಕೊಂಡು ಬೀಜವನ್ನು ದೂರಕ್ಕೆ ಎಸೆಯುತ್ತವೆ.

ಹೂವು ಯಾವಾಗಲೂ ನೀಲಿಯಾಗಿರಬೇಕೆಂದಿಲ್ಲ. ಬಿಳಿ ಹೂವಿನ ಬಳ್ಳಿಯೂ ಇದೇ ಪ್ರಭೇದ. ನೀಲಿ ಬಣ್ಣ ಕಟ್ಟುವ ಶಕ್ತಿ ಅದರಲ್ಲಿ ಕೆಟ್ಟಿದೆ, ಅಷ್ಟೇ. ತೋಟಗಳಲ್ಲಿ ಕಾಣುವ ಜೋಡಿ ದಳದ ಶಂಖಪುಷ್ಪದಲ್ಲಿ ಉಳಿದ ದಳಗಳೂ ಪತಾಕೆಯಂತೆ ಅಗಲವಾಗಿ ಬೆಳೆದಿರುತ್ತವೆ. ಅದು ನೋಡಲು ತುಂಬಿಕೊಂಡಿದ್ದರೂ ಮೂಲ ಹೂವಿನ ಒಯ್ಯಾರ ಅದಕ್ಕಿಲ್ಲ.

ಇದರ ತವರು ಯಾವುದೆಂಬ ಬಗ್ಗೆ ಸಸ್ಯಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಕೆಲವರು ಆಫ್ರಿಕ ಎನ್ನುತ್ತಾರೆ, ಕೆಲವರು ಏಷ್ಯಾ. ಇದರ ಕುಲ ಕ್ಲಿಟೋರಿಯದಲ್ಲಿರುವ ಸುಮಾರು 60 ಪ್ರಭೇದಗಳಲ್ಲಿ ಹೆಚ್ಚಿನವು ಅಮೆರಿಕ ಖಂಡಗಳವು. ಆದರೆ ಭಾರತದಲ್ಲಿ ಇದು ನಿನ್ನೆ ಮೊನ್ನೆ ಬಂದ ಗಿಡವಲ್ಲ. ಗಿರಿಕರ್ಣಿಕೆ, ಅಪರಾಜಿತ ಎಂಬ ಹೆಸರುಗಳಲ್ಲಿ ಹಳೆಯ ಆಯುರ್ವೇದ ಗ್ರಂಥಗಳು ಇದನ್ನು ಬಲ್ಲವು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೊರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥದಲ್ಲಿ ಇದರ ಚಿತ್ರವಿದೆ, ಮಲೆಯಾಳದ ಹೆಸರನ್ನು ಡಚ್ಚರು ತಮಗೆ ಕೇಳಿಸಿದಂತೆ ಲ್ಯಾಟಿನ್ ಅಕ್ಷರಕ್ಕೆ ಇಳಿಸಿಕೊಂಡಿದ್ದಾರೆ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದಕ್ಕೆ ಕ್ಲಿಟೋರಿಯ ಟರ್ನೇಟಿಯ ಎಂದು ಹೆಸರಿಟ್ಟ. ಹೆಸರಿನ ಉತ್ತರಾರ್ಧ ಇಂಡೋನೇಷ್ಯಾದ ಲವಂಗದ ದ್ವೀಪ ತೆರ್ನಾತೆಯಿಂದ ಬಂದದ್ದು. ಸಾಂಬಾರ ಪದಾರ್ಥ ತರಲು ಹೋದ ಹಡಗುಗಳು ಈ ಗಿಡದ ಸುದ್ದಿಯನ್ನೂ ಯುರೋಪಿಗೆ ತಂದವು.

ಹೂವಿನ ನೀಲಿಗೆ ಕಾರಣ ಟರ್ನಾಟಿನ್ ಎಂಬ ವರ್ಣದ್ರವ್ಯಗಳ ಗುಂಪು. ನೇರಳೆಹಣ್ಣು, ಬದನೆಕಾಯಿ ಸಿಪ್ಪೆ, ದಾಸವಾಳಗಳಲ್ಲಿರುವ ಆಂಥೊಸಯಾನಿನ್‌ಗಳೇ ಇವು. ಆದರೆ ರಚನೆ ಹೆಚ್ಚು ಜಟಿಲ. ನಡುವಿನ ಡೆಲ್ಫಿನಿಡಿನ್ ಅಣುವಿಗೆ ಸಕ್ಕರೆ ಹಾಗೂ ಕುಮಾರಿಕ್ ಆಮ್ಲದ ತುಣುಕುಗಳಿಂದಾದ ಉದ್ದನೆಯ ತೋಳುಗಳಿರುತ್ತವೆ. ಆ ತೋಳುಗಳು ಮಡಿಚಿ ನಡುವಿನ ಅಣುವನ್ನು ಎರಡೂ ಕಡೆಯಿಂದ ಮುಚ್ಚಿಕೊಳ್ಳುತ್ತವೆ, ನೀರು ಅದನ್ನು ಬೇಗ ಕೆಡಿಸದಂತೆ ತಡೆಯುತ್ತವೆ. ದಾಸವಾಳದ ಕಷಾಯ ಬೇಗ ಮಂಕಾದರೂ ಶಂಖಪುಷ್ಪದ ನೀಲಿ ಸಾಕಷ್ಟು ಹೊತ್ತು ನಿಲ್ಲುವುದು ಇದರಿಂದ.

ಆಮ್ಲ–ಕ್ಷಾರಗಳಿಗೆ ಈ ಬಣ್ಣ ತಕ್ಷಣ ಸ್ಪಂದಿಸುತ್ತದೆ. ಐದಾರು ಹೂವನ್ನು ಬಿಸಿನೀರಿಗೆ ಹಾಕಿದರೆ ಕೆಲ ನಿಮಿಷಗಳಲ್ಲಿ ನೀರು ಕಡುನೀಲಿಯಾಗುತ್ತದೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ಊದಾ, ಇನ್ನೂ ಬಿದ್ದರೆ ಗುಲಾಬಿ. ಅದೇ ನೀಲಿ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ಛಾಯೆ ಬರುತ್ತದೆ. ಅಣುವಿನಲ್ಲಿ ಜಲಜನಕದ ಅಯಾನುಗಳು ಸೇರುವ, ಬಿಡುವ ಆಟದಿಂದ ಅದು ಹೀರುವ ಬೆಳಕಿನ ಭಾಗ ಬದಲಾಗುತ್ತದೆ. ಲಿಟ್ಮಸ್ ಕಾಗದ ಇಲ್ಲದ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಈ ಹೂವಿನಿಂದಲೇ ಪಾಠ ಮುಗಿಸಬಹುದು. ಬಿಳಿ ಹೂವಿನಿಂದ ಮಾತ್ರ ಇದು ನಡೆಯದು.

ಥಾಯ್ಲೆಂಡಿನಲ್ಲಿ ಈ ನೀಲಿ ನೀರಿಗೆ ಜೇನುತುಪ್ಪ, ನಿಂಬೆ ಬೆರೆಸಿ ಕುಡಿಯುತ್ತಾರೆ. ಮಲೇಷ್ಯಾದ ಕೆಲಂತಾನ್ ಕಡೆ ಇದರಲ್ಲಿ ಅನ್ನಕ್ಕೆ ಬಣ್ಣ ಕಟ್ಟಿ ನಾಸಿ ಕೆರಾಬು ಮಾಡುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಹೂವಿನ ಸಾರವನ್ನು ಪಾನೀಯ, ಐಸ್‌ಕ್ರೀಂ, ಮಿಠಾಯಿಗಳಿಗೆ ನೈಸರ್ಗಿಕ ಬಣ್ಣವಾಗಿ ಬಳಸಲು ಒಪ್ಪಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಒಣಹೂವನ್ನು ಆಹಾರವಾಗಿ ಮಾರುವುದಕ್ಕೆ ಆಕ್ಷೇಪ ಎತ್ತಿತು. ಅದರ ಕಾರಣ ಮುಂದೆ ಬರುತ್ತದೆ. ಈಚೆಗೆ ನಮ್ಮ ಪೇಟೆಗಳಲ್ಲೂ ‘ಬ್ಲೂ ಟೀ’ ಹೆಸರಿನಲ್ಲಿ ಒಣಹೂವಿನ ಡಬ್ಬಿಗಳು ಬಂದಿವೆ. ಅದು ಚಹಾ ಅಲ್ಲ, ಕೆಫೀನ್ ಅದರಲ್ಲಿಲ್ಲ. ರುಚಿಯೂ ಹಸಿ ಅವರೆಯ ನೀರಿನಷ್ಟೇ ಸಪ್ಪೆ. ಬಣ್ಣಕ್ಕಿರುವ ಜಂಬ ನಾಲಿಗೆಗೆ ಸಿಗುವುದಿಲ್ಲ.

ರೇಷ್ಮೆಯ ಊರಾದ ಕೊಳ್ಳೇಗಾಲದ ಕಡೆಯವರಿಗೆ ಸಹಜವಾಗಿ ಏಳುವ ಪ್ರಶ್ನೆ, ಈ ನೀಲಿಯಿಂದ ಸೀರೆಗೆ ಬಣ್ಣ ಹಾಕಬಹುದೇ ಎಂಬುದು. ಹಾಕಬಹುದು, ಆದರೆ ನಿಲ್ಲುವುದಿಲ್ಲ. ಟರ್ನಾಟಿನ್ ನೀರಿನಲ್ಲಿ ಕರಗುವ ವಸ್ತು. ಪಟಿಕ ಹಾಕಿ ಕಟ್ಟಿದರೂ ಒಗೆತಕ್ಕೆ ಬಿಡುತ್ತದೆ, ಬಿಸಿಲಿಗೆ ಮಾಸುತ್ತದೆ, ಬೆವರು ತಾಗಿದರೆ ಛಾಯೆಯೇ ಬದಲಾಗುತ್ತದೆ. ಬಟ್ಟೆಗೆ ಶತಮಾನಗಳ ಕಾಲ ನೀಲಿ ಕೊಟ್ಟ ನೀಲಿಗಿಡವೂ ಇದೇ ಕುಟುಂಬದ್ದು. ಆದರೆ ಅದರ ಹೂವು ತಿಳಿಗೆಂಪು! ಅದರ ಎಲೆಯಲ್ಲಿರುವ ಬಣ್ಣವಿಲ್ಲದ ಇಂಡಿಕನ್ ತೊಟ್ಟಿಯಲ್ಲಿ ಕೊಳೆತು, ಗಾಳಿಯಾಡಿ, ನೀರಿನಲ್ಲಿ ಕರಗದ ನೀಲಿಯಾಗುತ್ತದೆ. ಕರಗದಿರುವುದೇ ಅದರ ಬೆಲೆ. ಜರ್ಮನಿಯ ಬಿಎಎಸ್ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಆ ಬೆಳೆ ನೆಲಕಚ್ಚಿತು. ಬಣ್ಣ ತೋರಿಸುವ ಬಳ್ಳಿ ಒಂದು, ಬಣ್ಣ ಕೊಡುವ ಗಿಡ ಇನ್ನೊಂದು. ಉತ್ತರ ಅಮೆರಿಕದ ಬ್ಯಾಪ್ಟಿಸಿಯ ಆಸ್ಟ್ರೇಲಿಸ್ ಎಂಬ ನೀಲಿ ಹೂವಿನ ಬಹುವಾರ್ಷಿಕ ಗಿಡದ ಕತೆಯೂ ಇದಕ್ಕೆ ಹತ್ತಿರ. ಅಲ್ಲಿ ನೆಲೆಸಿದ ಯುರೋಪಿಯನ್ನರು ನೀಲಿಗಿಡ ಸಿಗದಾಗ ಅದರಿಂದ ಬಣ್ಣ ತೆಗೆದು ನೋಡಿದರು, ಅಸಲಿಗೆ ಸಮನಾಗಲಿಲ್ಲ. ಅದು ಈಗ ಕೈತೋಟದ ಹೂವು. 2010ರಲ್ಲಿ ಅಲ್ಲಿನ ಬಹುವಾರ್ಷಿಕ ಸಸ್ಯಗಳ ಸಂಘ ಅದನ್ನು ವರ್ಷದ ಗಿಡವೆಂದು ಆರಿಸಿತು.

ಪೂಜೆಯಲ್ಲಿ ಶಂಖಪುಷ್ಪದ ಸ್ಥಾನ ಗಟ್ಟಿ. ಶಿವನಿಗೆ ನೀಲಿಯೂ ಬಿಳಿಯೂ ಸಲ್ಲುತ್ತವೆ, ಶನಿವಾರದ ಶನಿಪೂಜೆಗೆ ನೀಲಿ ಬೇಕೇ ಬೇಕೆನ್ನುವವರಿದ್ದಾರೆ. ಬಂಗಾಳದಲ್ಲಿ ಇದು ದುರ್ಗೆಯ ಹೂವು; ವಿಜಯದಶಮಿಯಂದು ಅಪರಾಜಿತ ಪೂಜೆ ಮಾಡಿ ಬಳ್ಳಿಯನ್ನು ಕೈಗೆ ಕಟ್ಟಿಕೊಳ್ಳುತ್ತಾರೆ.

ಔಷಧದ ವಿಷಯಕ್ಕೆ ಬಂದರೆ ಗೊಂದಲ ಶುರುವಾಗುತ್ತದೆ. ಚರಕ ಸಂಹಿತೆ ಬುದ್ಧಿಗೆ ಹಿತವೆಂದು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಶಂಖಪುಷ್ಪಿಯೂ ಒಂದು. ಆದರೆ ಆ ಶಂಖಪುಷ್ಪಿ ಯಾವ ಗಿಡ? ಉತ್ತರ ಭಾರತದ ವೈದ್ಯರು ಬಳಸುವುದು ಮಾರ್ನಿಂಗ್ ಗ್ಲೋರಿ ಹೂವಿನ ಕುಟುಂಬದ ಕನ್ವಾಲ್ವುಲಸ್ ಎಂಬ ನೆಲಬಳ್ಳಿ. ಕೇರಳದ ಪರಂಪರೆ ಹಿಡಿದದ್ದು ನೀಲಿ ಹೂವಿನ ಈ ಬಳ್ಳಿ. ಇನ್ನು ಕೆಲವೆಡೆ ವಿಷ್ಣುಕ್ರಾಂತಿಯನ್ನೇ ಹಾಗೆ ಕರೆಯುತ್ತಾರೆ. ವಿಷ್ಣುಕ್ರಾಂತಿಯೂ ಬಂಡಳ್ಳಿ ಸೀಮೆಯ ಹುಲ್ಲುಗಾವಲಿನಲ್ಲಿ ಬೆಳೆಯುವಂಥದ್ದೇ. ನೆಲಕ್ಕೆ ಅಂಟಿಕೊಂಡು ಹರಡುತ್ತದೆ, ಎಲೆ ಒಂಟಿ, ಹೂವು ಉಗುರಿನಗಲವೂ ಇಲ್ಲ, ದಳಗಳು ಕೂಡಿ ದುಂಡಗೆ. ಎದುರಿಗಿಟ್ಟು ನೋಡಿದರೆ ತಪ್ಪಾಗಲು ಸಾಧ್ಯವೇ ಇಲ್ಲ. ಗಿಡವನ್ನು ಕಾಣದೆ ಒಣಗಿದ ಬೇರಿನ ಪುಡಿಯನ್ನು ಹೆಸರು ಕೇಳಿ ಕೊಳ್ಳುವವರು ಮೋಸ ಹೋಗುತ್ತಾರೆ.

ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸಂಶೋಧಕರು 2001ರಲ್ಲಿ ಮತ್ತು ಅನಂತರ ಪ್ರಕಟಿಸಿದ ಪ್ರಯೋಗಗಳಲ್ಲಿ ಶಂಖಪುಷ್ಪದ ಬೇರಿನ ನೀರಿನ ಸಾರವನ್ನು ಇಲಿಮರಿಗಳಿಗೆ ಕುಡಿಸಿದರು. ಸಾರ ಕುಡಿದ ಇಲಿಗಳ ಕಲಿಕೆ ಮತ್ತು ನೆನಪು ಮೇಲಾಗಿದ್ದುದು, ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚಿದ್ದುದು ಕಂಡುಬಂತು. ಇಲಿಯಲ್ಲಿ ಕಂಡದ್ದು ಮಕ್ಕಳ ಪರೀಕ್ಷೆಯ ಅಂಕಕ್ಕೆ ದಾರಿಯೆಂದು ತಿಳಿಯಬೇಕಾಗಿಲ್ಲ. ಬೇರು ಮತ್ತು ಬೀಜ ಭೇದಿ ಮಾಡಿಸುವಂಥವು. ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ಗರ್ಭಿಣಿಯರು ದೂರವಿರುವುದು ಲೇಸು. ಹಾವು ಕಚ್ಚಿದರೆ ಇದರ ಬೇರು ಅರೆದು ಕುಡಿಸುವ ಹಳೆಯ ಪದ್ಧತಿಯಂತೂ ಅಪಾಯಕಾರಿ. ಕಾಡಂಚಿನ ಊರುಗಳಲ್ಲಿ ಆ ಹೊತ್ತಿನಲ್ಲಿ ಬೇರು ಹುಡುಕುತ್ತ ಕಳೆಯುವ ಪ್ರತಿ ನಿಮಿಷವೂ ಆಸ್ಪತ್ರೆಯ ವಿಷನಿರೋಧಕ ಚುಚ್ಚುಮದ್ದಿಗೆ ಸಲ್ಲಬೇಕಾದದ್ದು.

ಈ ಬಳ್ಳಿಯ ನಿಜವಾದ ಕಸುಬು ನಡೆಯುವುದು ಮಣ್ಣಿನೊಳಗೆ. ಮಳೆಗಾಲದಲ್ಲಿ ಬೇರನ್ನು ಹುಷಾರಾಗಿ ಬಿಡಿಸಿ ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್. ಗಂಟಿನಲ್ಲಿ ನೆಲೆಸಿದ ರೈಜೋಬಿಯಂ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತದೆ, ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಗಂಟು ಬೂದಿಬಣ್ಣಕ್ಕೋ ಹಸಿರಿಗೋ ತಿರುಗಿದ್ದರೆ ಕೆಲಸ ನಿಂತಿದೆ ಎಂದರ್ಥ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ ಹಾಕುವ ನಮ್ಮ ರೈತರಿಗೆ ಇದರ ಫಲ ಅನುಭವದಿಂದ ಗೊತ್ತು.

ಶಂಖಪುಷ್ಪವನ್ನೇ ಹೊಲದ ಬೆಳೆಯಾಗಿ ಮಾಡಿಕೊಂಡವರು ಆಸ್ಟ್ರೇಲಿಯದವರು. ಕ್ವೀನ್ಸ್‌ಲೆಂಡಿನ ಎರೆಭೂಮಿಯಲ್ಲಿ ವರ್ಷಗಟ್ಟಲೆ ಧಾನ್ಯ ಬೆಳೆದು ಸಾರಜನಕ ಬರಿದಾದಾಗ ಅಲ್ಲಿ ಈ ಬಳ್ಳಿಯನ್ನು ಬಿತ್ತಿ, ಕೆಲವು ವರ್ಷ ದನ ಮೇಯಿಸಿ, ಮತ್ತೆ ಧಾನ್ಯಕ್ಕೆ ಮರಳುವ ಪದ್ಧತಿ ಬಂತು. ಅದಕ್ಕೆಂದೇ ‘ಮಿಲ್ಗಾರ’ ಎಂಬ ತಳಿ 1990ರ ದಶಕದ ಆರಂಭದಲ್ಲಿ ಬಿಡುಗಡೆಯಾಯಿತು. ಎಲೆಯಲ್ಲಿ ಪ್ರೋಟೀನ್ ಹೇರಳ, ಕಾಂಡ ಮೆದು, ಹೊಟ್ಟೆಯುಬ್ಬರದ ಭಯವಿಲ್ಲ. ದನ ಇದನ್ನು ಬೇರೆ ಮೇವಿಗಿಂತ ಮೊದಲು ಹೆಕ್ಕಿ ತಿನ್ನುವುದೇ ರೈತರಿಗೆ ತಲೆನೋವು. ಬಿಟ್ಟುಬಿಡದೆ ಮೇಯಿಸಿದರೆ ಬಳ್ಳಿ ಬೇಗ ಸೋಲುತ್ತದೆ. ಆಲಂಬಾಡಿ ತಳಿಯ ದನಗಳ ಹೆಸರು ಕೇಳಿಬರುವ, ಗಡಿಯಾಚೆ ಬರ್ಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಬರ್ಗೂರು ದನಗಳನ್ನು ಸಾಕುವ ಈ ಸೀಮೆಯಲ್ಲಿ ಇದನ್ನು ಮೇವಾಗಿ ಬೆಳೆಯುವ ರೂಢಿ ಬರಲಿಲ್ಲ. ಬದುಗಳ ಮೇಲೆ ಹುಲ್ಲಿನ ಜೊತೆ ಬೆಳೆಸಿ ನೋಡಲು ಹೆಚ್ಚಿನ ಖರ್ಚೇನೂ ಬೇಕಿಲ್ಲ.

ಆಸ್ಟ್ರೇಲಿಯದಲ್ಲೇ ಇನ್ನೊಂದು ಗುಣ ಬೆಳಕಿಗೆ ಬಂತು. ಈ ಬಳ್ಳಿಯ ಭಾಗಗಳಲ್ಲೆಲ್ಲ ಸೈಕ್ಲೋಟೈಡ್ ಎಂಬ ಪುಟ್ಟ ಪ್ರೋಟೀನ್‌ಗಳಿವೆ. ಸಾಮಾನ್ಯ ಪ್ರೋಟೀನ್ ಸರಪಳಿಗೆ ಎರಡು ತುದಿ ಇರುತ್ತದೆ. ಇವುಗಳಲ್ಲಿ ತುದಿಗಳು ಸೇರಿ ಬಳೆಯಾಗಿದ್ದು, ಒಳಗೆ ಮೂರು ಗಂಧಕದ ಕೊಂಡಿಗಳು ಗಂಟುಹಾಕಿರುತ್ತವೆ. ಹೀಗಾಗಿ ಕಾಯಿಸಿದರೂ, ಜೀರ್ಣರಸ ತಾಗಿದರೂ ಸುಲಭವಾಗಿ ಮುರಿಯುವುದಿಲ್ಲ. ಇಂಥ ಪ್ರೋಟೀನ್‌ನ ಮೊದಲ ಸುಳಿವು ಸಿಕ್ಕಿದ್ದು ಆಫ್ರಿಕದ ಕಾಂಗೋದಲ್ಲಿ. ಅಲ್ಲಿನ ಹೆಂಗಸರು ಹೆರಿಗೆ ಬೇಗ ಆಗಲೆಂದು ಕುಡಿಯುತ್ತಿದ್ದ ಒಂದು ಗಿಡದ ಕಷಾಯ ಗರ್ಭಕೋಶವನ್ನು ಸಂಕುಚಿಸುತ್ತದೆಂದು ನಾರ್ವೆಯ ವೈದ್ಯ ಲೊರೆಂಟ್ಸ್ ಗ್ರಾನ್ ಗಮನಿಸಿದ. ಶಂಖಪುಷ್ಪದಲ್ಲೂ ಅವು ಇವೆಯೆಂದು 2011ರಲ್ಲಿ ಪ್ರಕಟವಾಯಿತು. ಅವರೆ ಕುಟುಂಬದಲ್ಲಿ ಸಿಕ್ಕ ಮೊದಲ ಸೈಕ್ಲೋಟೈಡ್‌ಗಳು ಅವು. ಗಿಡಕ್ಕೆ ಇವು ಕಾವಲು: ಕಾಯಿಕೊರಕದ ಮರಿಹುಳು ತಿಂದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಬಳ್ಳಿಯ ಸಾರದಿಂದ ತಯಾರಾದ ‘ಸೆರೊ-ಎಕ್ಸ್’ ಎಂಬ ಕೀಟನಾಶಕ ಆಸ್ಟ್ರೇಲಿಯದ ಹತ್ತಿ ಬೆಳೆಗೆ ಬಳಕೆಯಲ್ಲಿದೆ. ಹಿಪ್ಪುನೇರಳೆ ತೋಟದವರು ಮಾತ್ರ ಇಂಥ ಸಾರದ ಗೋಜಿಗೆ ಹೋಗಬಾರದು, ರೇಷ್ಮೆಹುಳುವೂ ಮರಿಹುಳುವೇ. ಯುರೋಪಿನ ಪ್ರಾಧಿಕಾರ ಒಣಹೂವಿನ ಬಗ್ಗೆ ತಕರಾರು ತೆಗೆದದ್ದೂ ಈ ಸೈಕ್ಲೋಟೈಡ್‌ಗಳನ್ನು ಮುಂದಿಟ್ಟುಕೊಂಡೇ.

ಬಳೆಯ ಎರಡು ತುದಿಗಳನ್ನು ಬೆಸೆಯುವ ಕಿಣ್ವವನ್ನು ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದವರು 2014ರಲ್ಲಿ ಇದರ ಕಾಯಿಯಿಂದಲೇ ಬೇರ್ಪಡಿಸಿ ಬ್ಯುಟೆಲೇಸ್-1 ಎಂದು ಹೆಸರಿಟ್ಟರು. ಪ್ರೋಟೀನ್ ತುಣುಕುಗಳನ್ನು ಅಷ್ಟು ವೇಗವಾಗಿ ಜೋಡಿಸುವ ಕಿಣ್ವ ಆಗ ಇನ್ನೊಂದು ಗೊತ್ತಿರಲಿಲ್ಲ. ಔಷಧದ ಅಣುವನ್ನು ಪ್ರತಿಕಾಯಕ್ಕೆ ಕಟ್ಟುವಂಥ ಕೆಲಸಕ್ಕೆ ಪ್ರಯೋಗಾಲಯಗಳು ಈಗ ಅದನ್ನು ಬಳಸಿ ನೋಡುತ್ತಿವೆ.

ಅವರೆ ಕುಟುಂಬದಲ್ಲಿ ನೀಲಿ ಹೂವಿನ ಕಾಡುಗಿಡಗಳು ನಮ್ಮಲ್ಲಿ ಇನ್ನೂ ಇವೆ. ಕ್ರೊಟಲೇರಿಯ ವೆರುಕೋಸ ದಾರಿ ಬದಿಯಲ್ಲಿ, ಪಾಳುನೆಲದಲ್ಲಿ ಬೆಳೆಯುವ ಸಣ್ಣ ಗಿಡ. ಕಾಂಡಕ್ಕೆ ಕೋನಗಳಿವೆ, ಎಲೆ ಒಡೆಯದ ಒಂಟಿ ಎಲೆ, ಹೂವು ಬಿಳಿ ಬೆರೆತ ನೀಲಿ. ಉಬ್ಬಿದ ಕಾಯಿ ಒಣಗಿದಾಗ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ನೀಲಗಿರಿಯ ಎತ್ತರದ ತೇವದ ಹುಲ್ಲಿನಲ್ಲಿ ಮೂರೆಲೆಯ ಪರೋಕೀಟಸ್ ಎಂಬ ನೆಲಬಳ್ಳಿ ತಿಳಿನೀಲಿ ಹೂವು ಬಿಡುತ್ತದೆ. ಬಂಡಳ್ಳಿಯ ಬಿಸಿಲಿಗೆ ಅದು ಬಾಳದು.

ಶಂಖಪುಷ್ಪವನ್ನು ಬೆಳೆಸಲು ಬೀಜವೇ ಸುಲಭ. ಬೀಜದ ಸಿಪ್ಪೆ ಗಡುಸು. ಹಾಗೆಯೇ ಹಾಕಿದರೆ ಕೆಲವು ಈ ಮಳೆಗೆ, ಕೆಲವು ಮುಂದಿನ ವರ್ಷದ ಮಳೆಗೆ ಮೊಳೆಯುತ್ತವೆ. ಬರಗಾಲದ ನೆಲದಲ್ಲಿ ಸಂತತಿ ಉಳಿಸಿಕೊಳ್ಳಲು ಅದು ಒಳ್ಳೆಯ ಉಪಾಯ, ತೋಟ ಮಾಡುವವರಿಗೆ ಕಿರಿಕಿರಿ. ಒರಟು ಕಾಗದದ ಮೇಲೆ ಸ್ವಲ್ಪ ಉಜ್ಜಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಒಂದೆರಡು ವಾರದಲ್ಲಿ ಒಟ್ಟಿಗೆ ಮೊಳೆಯುತ್ತವೆ. ಮುಂಗಾರಿನ ಹದದಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಊರಿ, ಬೇಲಿಯ ಮುಳ್ಳೋ ಬಿದಿರ ಗಳುವೋ ಆಸರೆ ಕೊಟ್ಟರೆ ಎರಡು ತಿಂಗಳೊಳಗೆ ಹೂವು. ಗೊಬ್ಬರ ಹೆಚ್ಚಾದರೆ ಎಲೆಯೇ ಹುಲುಸಾಗುತ್ತದೆ. ನೀರು ನಿಲ್ಲುವ ಜಾಗ, ಮರದ ನೆರಳು ಒಗ್ಗುವುದಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಗೆ ಮೊಳಕಾಲೆತ್ತರಕ್ಕೆ ಕತ್ತರಿಸಿದರೆ ಹೊಸ ಹಂಬು ದಟ್ಟವಾಗಿ ಬರುತ್ತದೆ. ಮೊದಲ ಕಾಯಿಗಳನ್ನು ಬಲಿಯಲು ಬಿಡದೆ ಕಿತ್ತರೆ ಹೂವಿನ ಕಾಲ ಉದ್ದವಾಗುತ್ತದೆ. ಬೀಜಕ್ಕೆಂದು ಬಿಟ್ಟ ಕಾಯಿಯನ್ನು ಕಂದುಬಣ್ಣಕ್ಕೆ ತಿರುಗಿದ ಕೂಡಲೇ ಬೆಳಗಿನ ತಂಪಿನಲ್ಲಿ ಕೊಯ್ದು, ಬಾಯಿ ಕಟ್ಟಿದ ಬಟ್ಟೆಯ ಚೀಲದಲ್ಲಿ ಒಣಗಿಸಬೇಕು. ತಡಮಾಡಿದರೆ ಮಧ್ಯಾಹ್ನದ ಬಿಸಿಲಿಗೆ ಕಾಯಿ ಸಿಡಿದು ಬೀಜವೆಲ್ಲ ಬೇಲಿಯ ಬುಡ ಸೇರುತ್ತದೆ.